ತಾಯಿಯ ನಿದ್ರೆ ಯಾರ ಹೊಣೆ?

ಪ್ರಶ್ನೆ: ಮೇಡಂ, ನನಗೆ 31 ವರ್ಷ. ಗದಗದಲ್ಲಿ ಅತ್ತೆ, ಯಜಮಾನರು, ಐದು ವರ್ಷದ ಮಗಳು ಮತ್ತು ಹತ್ತು ತಿಂಗಳ ಮಗನೊಂದಿಗೆ ಇದ್ದೇನೆ. ಹತ್ತಿರದ ಹಳ್ಳಿಯ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದು, ಮಗನಿಗೆ ಎಂಟು ತಿಂಗಳು ತುಂಬಿದ ಮೇಲೆ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಮಗು ರಾತ್ರಿ ನಾಲ್ಕೈದು ಸಲ ಏಳುತ್ತದೆ. ಎದ್ದಾಗಲೆಲ್ಲ ಎದೆಹಾಲು ಕುಡಿಸಿಯೇ ಮಲಗಿಸಬೇಕು. ನಮ್ಮ ಓಣಿಗೆ ವಾರಕ್ಕೊಮ್ಮೆ, ಕೆಲವು ಸಲ ಇನ್ನೂ ತಡವಾಗಿ, ಹೆಚ್ಚಾಗಿ ನಡುರಾತ್ರಿಯಲ್ಲಿ ನಲ್ಲಿ ನೀರು ಬಿಡುತ್ತಾರೆ. ಆ ರಾತ್ರಿ ಕೊಡ, ಬ್ಯಾರಲ್, ತೊಟ್ಟಿ ಎಲ್ಲವನ್ನೂ ತುಂಬಿಸಿಕೊಂಡು ಮಲಗುವಷ್ಟರಲ್ಲಿ ಮಗು ಮತ್ತೆ ಎದ್ದಿರುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಮಗಳ ಡಬ್ಬಿ ಕಟ್ಟಿ, ಎಂಟೂವರೆಯ ಬಸ್ ಹಿಡಿಯಬೇಕು. ಯಜಮಾನರು ಅಂಗಡಿಯನ್ನು ಹತ್ತಕ್ಕೆ ತೆರೆದು ರಾತ್ರಿ ಒಂಬತ್ತಕ್ಕೆ ಮುಚ್ಚುತ್ತಾರೆ. ನನ್ನ ಸ್ಥಿತಿ ಹೇಳಿಕೊಂಡರೆ, "ಭಾನುವಾರ ಮಧ್ಯಾಹ್ನ ಒಂದಿಷ್ಟು ಮಲಗಿದರಾಯಿತು" ಎನ್ನುತ್ತಾರೆ. ಅತ್ತೆಯವರು, "ನಾವೂ ನಾಲ್ಕು ಮಕ್ಕಳನ್ನು ಸಾಕಿದವರೇ" ಎನ್ನುತ್ತಾರೆ. ಅವರು ಕೆಟ್ಟವರಲ್ಲ, ಹಗಲೆಲ್ಲ ಮಗುವನ್ನು ಅವರೇ ನೋಡಿಕೊಳ್ಳುತ್ತಾರೆ. ಆದರೆ ನನ್ನಿಂದ ಆಗುತ್ತಿಲ್ಲ. ತರಗತಿಯಲ್ಲಿ ಬರೆದ ಲೆಕ್ಕವನ್ನೇ ಮತ್ತೆ ಬರೆಯುತ್ತೇನೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತೇನೆ. ಮಗು ಮಲಗಿದ ಮೇಲೂ ನನಗೆ ನಿದ್ರೆ ಹತ್ತುವುದಿಲ್ಲ. ಹನ್ನೆರಡು, ಒಂದರ ತನಕ ಫೋನ್ ನೋಡುತ್ತಾ ಬಿದ್ದಿರುತ್ತೇನೆ. ರಾತ್ರಿಯಾದರೆ ಕಾಲುಗಳಲ್ಲಿ ಏನೋ ಹರಿದಾಡಿದಂತಾಗಿ ಅವನ್ನು ಸುಮ್ಮನೆ ಇಡಲಾಗುವುದಿಲ್ಲ. ಕಳೆದ ವಾರ ಮಗಳು ಶಾಲೆಗೆ ಹೊರಡುವಾಗ ಸಾಕ್ಸ್ ಹಾಕಿಕೊಳ್ಳಲು ತಡಮಾಡಿದಳೆಂದು ಅವಳ ಕೆನ್ನೆಗೆ ಹೊಡೆದೆ. ಅವಳು ಅಳಲಿಲ್ಲ, ನನ್ನನ್ನೇ ನೋಡುತ್ತಾ ನಿಂತಳು. ಪರಿಚಯದ ಔಷಧಿ ಅಂಗಡಿಯವರು ನಿದ್ರೆ ಮಾತ್ರೆ ಕೊಟ್ಟಿದ್ದಾರೆ. ಇನ್ನೂ ತೆಗೆದುಕೊಂಡಿಲ್ಲ. ತೆಗೆದುಕೊಳ್ಳಬಹುದೇ?
– ಓದುಗರೊಬ್ಬರು, ಗದಗ

ಉತ್ತರ: ಮೊದಲು ಮಾತ್ರೆಯ ವಿಷಯ. ದಯವಿಟ್ಟು ಅದನ್ನು ತೆಗೆದುಕೊಳ್ಳಬೇಡಿ. ವೈದ್ಯರ ಚೀಟಿಯಿಲ್ಲದೆ ನಿದ್ರೆ ಮಾತ್ರೆ ಮಾರುವುದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಇಂತಹ ಮಾತ್ರೆಗಳ ಅಂಶ ಎದೆಹಾಲಿಗೆ ಇಳಿದು ಮಗುವನ್ನು ಮಂಕಾಗಿಸಬಹುದು. ಮಾತ್ರೆಯ ಮಂಪರಿನಲ್ಲಿರುವ ತಾಯಿಯ ಪಕ್ಕದಲ್ಲಿ ಎಳೆಮಗುವನ್ನು ಮಲಗಿಸುವುದು ಜೀವಕ್ಕೇ ಅಪಾಯ. ಹಲವು ಮಾತ್ರೆಗಳು ಕೆಲವೇ ವಾರಗಳಲ್ಲಿ ಅಭ್ಯಾಸವಾಗಿ ಅಂಟಿಕೊಳ್ಳುತ್ತವೆ. ಇದೇ ಕಾರಣಕ್ಕೆ, ಮಗು ರಾತ್ರಿ ಮಲಗಲೆಂದು ಕೆಮ್ಮು ನೆಗಡಿಯ ಸಿರಪ್ ಕುಡಿಸುವ ಸಲಹೆಯನ್ನು ಯಾರಾದರೂ ಕೊಟ್ಟರೆ ಅದನ್ನೂ ಕಿವಿಗೆ ಹಾಕಿಕೊಳ್ಳಬೇಡಿ.

ನಿಮ್ಮ ಪತ್ರವನ್ನು ಓದಿದ ಯಾವ ವೈದ್ಯರಿಗೂ ನಿಮ್ಮ ಮುಖ್ಯ ತೊಂದರೆ ನಿದ್ರೆ ಬಾರದಿರುವುದಲ್ಲ, ನಿದ್ರೆ ಮಾಡಲು ಸಮಯವೇ ಸಿಗದಿರುವುದು ಎಂಬುದು ತಿಳಿಯುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ರೆ ಬೇಕು. ನಿದ್ರೆಯು ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಸಾಗುತ್ತದೆ. ದೇಹದ ದಣಿವನ್ನು ತೀರಿಸುವ ಗಾಢ ನಿದ್ರೆಯ ಹೆಚ್ಚಿನ ಪಾಲು ರಾತ್ರಿಯ ಮೊದಲ ಸುತ್ತುಗಳಲ್ಲೇ ದೊರೆಯುತ್ತದೆ. ಹನ್ನೆರಡರವರೆಗೆ ಎಚ್ಚರವಿದ್ದು, ಆಮೇಲೆ ಗಂಟೆಗೊಮ್ಮೆ ಏಳುವವರು ಒಟ್ಟು ಐದು ಗಂಟೆ ಮಲಗಿದರೂ ಸುತ್ತುಗಳು ಪೂರ್ಣವಾಗದೆ, ಬೆಳಿಗ್ಗೆ ಮಲಗಿಯೇ ಇಲ್ಲವೇನೋ ಎಂಬಂತೆ ಏಳುತ್ತಾರೆ. ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಬರೆದ ಲೆಕ್ಕವನ್ನೇ ಮತ್ತೆ ಬರೆಯುವುದು, ಸಣ್ಣ ಮಾತಿಗೆ ಸಿಟ್ಟು ನೆತ್ತಿಗೇರುವುದು, ಇವೆಲ್ಲ ನಿದ್ರೆಗೆಟ್ಟ ಮಿದುಳಿನ ಲಕ್ಷಣಗಳು. ಇವುಗಳಲ್ಲಿ ಒಂದನ್ನೂ ನಿಮ್ಮ ಸ್ವಭಾವದ ದೋಷವೆಂದು ಎಣಿಸಬೇಡಿ. ಭಾನುವಾರದ ಮಧ್ಯಾಹ್ನದ ನಿದ್ರೆ ಒಳ್ಳೆಯದೇ, ಆದರೆ ಆರು ರಾತ್ರಿಗಳ ಬಾಕಿ ಅದರಿಂದ ತೀರುವುದಿಲ್ಲ.

ಹಾಗಾಗಿ ಈಗ ನಿಮಗೆ ಬೇಕಿರುವುದು ನಡುವೆ ಮುರಿಯದ ನಾಲ್ಕೂವರೆ, ಐದು ಗಂಟೆಗಳ ನಿದ್ರೆ, ಅದೂ ಪ್ರತಿ ರಾತ್ರಿ. ಅದು ನಿಮ್ಮೊಬ್ಬರ ಪ್ರಯತ್ನದಿಂದ ಆಗುವಂಥದ್ದಲ್ಲ. ಮನೆಯವರೆಲ್ಲ ಕುಳಿತು ರಾತ್ರಿಯನ್ನು ಹಂಚಿಕೊಳ್ಳಬೇಕು. ನೀವು ಬರೆದಿರುವ ವೇಳೆಯನ್ನೇ ಇಟ್ಟುಕೊಂಡು ಒಂದು ಏರ್ಪಾಡನ್ನು ಸೂಚಿಸುತ್ತೇನೆ. ರಾತ್ರಿ ಎಂಟೂವರೆಗೆ ಮಗುವಿಗೆ ಹಾಲು ಕುಡಿಸಿ, ಒಂಬತ್ತಕ್ಕೆ ನೀವು ಬೇರೆ ಕೋಣೆಯಲ್ಲಿ ಮಲಗಿಬಿಡಿ. ಯಜಮಾನರು ಅಂಗಡಿ ಮುಚ್ಚಿ ಬರುವ ತನಕ ಮಗು ಅತ್ತೆಯವರ ಬಳಿ ಇರಲಿ. ಅವರು ಬಂದು ಊಟ ಮಾಡಿದ ಮೇಲೆ ರಾತ್ರಿ ಎರಡರವರೆಗೆ ಮಗು ಅವರ ಪಾಲಿಗೆ. ಎರಡರ ನಂತರ ನಿಮ್ಮ ಪಾಲು. ಅಂಗಡಿ ತೆರೆಯುವುದು ಹತ್ತಕ್ಕೆ ಆದ್ದರಿಂದ ಅವರಿಗೆ ಎರಡರಿಂದ ಎಂಟರವರೆಗೆ ಮಲಗಲು ಅವಕಾಶವಿದೆ. ಮಗು ಮಲಗಿದ್ದಾಗ ಅದಕ್ಕೂ ಮೊದಲೇ ಒಂದಷ್ಟು ನಿದ್ರೆಯಾಗುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಅವರ ಮುಂದಿಡಿ. "ನನಗೆ ಸಾಕಾಗಿದೆ" ಎಂಬ ಮಾತಿಗೆ ಸಮಾಧಾನದ ಉತ್ತರ ಸಿಗುತ್ತದೆ. "ಒಂಬತ್ತೂವರೆಯಿಂದ ಎರಡರವರೆಗೆ ಮಗು ನಿಮ್ಮದು" ಎಂಬ ಮಾತಿಗೆ ಹೌದು ಅಥವಾ ಇಲ್ಲ ಎನ್ನಲೇಬೇಕಾಗುತ್ತದೆ.

ಮಗು ಎದೆಹಾಲಿಲ್ಲದೆ ಮಲಗುವುದೇ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಎದ್ದಿರುತ್ತದೆ. ಎಳೆಮಕ್ಕಳ ನಿದ್ರೆಯ ಸುತ್ತು ನಮ್ಮದಕ್ಕಿಂತ ಚಿಕ್ಕದು. ಪ್ರತಿ ಸುತ್ತಿನ ಕೊನೆಗೆ ಅರೆ ಎಚ್ಚರವಾಗುವುದು ಸಹಜ. ಎದೆಹಾಲು ಕುಡಿಯುತ್ತಲೇ ನಿದ್ರೆಗೆ ಜಾರುವ ಅಭ್ಯಾಸವಾದ ಮಗು, ಅರೆ ಎಚ್ಚರವಾದಾಗಲೆಲ್ಲ ಹಸಿವಿಲ್ಲದಿದ್ದರೂ ಅದನ್ನೇ ಹುಡುಕುತ್ತದೆ. ಹತ್ತು ತಿಂಗಳ ಮಗು ಹಗಲು ರಾಗಿ ಸರಿ, ಮೆತ್ತನೆಯ ಅನ್ನ ಬೇಳೆ, ಹಿಚುಕಿದ ಬಾಳೆಹಣ್ಣು, ತರಕಾರಿಗಳನ್ನು ಚೆನ್ನಾಗಿ ತಿನ್ನುತ್ತಿದ್ದು, ತೂಕ ಸರಿಯಾಗಿ ಏರುತ್ತಿದ್ದರೆ, ರಾತ್ರಿ ಅಷ್ಟು ಸಲ ಹಾಲು ಬೇಕಾಗುವುದಿಲ್ಲ. ತೂಕದ ವಿಷಯವನ್ನು ಮಕ್ಕಳ ವೈದ್ಯರ ಬಳಿ ಖಚಿತಪಡಿಸಿಕೊಂಡು ಆರಂಭಿಸಿ; ಅಂಗನವಾಡಿಯ ತೂಕದ ಪಟ್ಟಿಯನ್ನು ಜೊತೆಗೆ ಒಯ್ಯಿರಿ. ಮಲಗಿಸುವಾಗ ಹಾಲು ಕುಡಿಸಿ ಮುಗಿಸಿ, ಕಣ್ಣು ಜೋಲುತ್ತಿದ್ದರೂ ಪೂರ್ತಿ ನಿದ್ರೆ ಹತ್ತುವ ಮೊದಲೇ ಕೆಳಗೆ ಮಲಗಿಸಿ ತಟ್ಟುವುದನ್ನು ರೂಢಿಸಿ. ತಂದೆಯ ಪಾಳಿಯಲ್ಲಿ ಮಗು ಎದ್ದರೆ ಅವರು ತಟ್ಟಲಿ, ಹೆಗಲಿಗೆ ಹಾಕಿಕೊಂಡು ಓಡಾಡಲಿ, ಒಂದೆರಡು ಚಮಚ ನೀರು ಕುಡಿಸಲಿ. ಮೊದಲ ಕೆಲವು ರಾತ್ರಿ ಮಗು ಜೋರಾಗಿಯೇ ಅಳುತ್ತದೆ. ತಂದೆಯ ತೋಳಿನಲ್ಲಿದ್ದು ಅಳುವ ಮಗು ಒಂಟಿಯಾಗಿ ಅಳುತ್ತಿಲ್ಲ ಎಂಬುದನ್ನು ನೆನಪಿಟ್ಟು ನೀವು ಎದ್ದು ಹೋಗದಿರಿ. ನಿಮಗೆ ಎದೆ ಗಟ್ಟಿಯಾಗಿ ನೋಯತೊಡಗಿದರೆ ಸ್ವಲ್ಪ ಹಾಲು ಹಿಂಡಿ ತೆಗೆಯಿರಿ. ರಾತ್ರಿಯ ಹಾಲನ್ನು ಒಮ್ಮೆಲೇ ನಿಲ್ಲಿಸದೆ ಒಂದೊಂದಾಗಿ ಕಡಿಮೆ ಮಾಡಿ. ಮಗುವಿಗೆ ಜ್ವರ, ಹಲ್ಲು ಬರುವ ನೋವು ಇರುವ ದಿನಗಳಲ್ಲಿ ಇದನ್ನು ಶುರು ಮಾಡಬೇಡಿ.

ಇನ್ನು ನೀರಿನ ರಾತ್ರಿ. ಆ ಕೆಲಸ ನಿಮ್ಮದೇ ಎಂದು ಯಾರೂ ಎಂದೂ ತೀರ್ಮಾನಿಸಿರಲಾರರು. ಮಗುವಿಗಾಗಿ ಹೇಗೂ ಎಚ್ಚರವಿರುವವರು ನೀವೆಂದು ಅದು ತಾನಾಗಿ ನಿಮ್ಮ ತಲೆಗೆ ಬಂದಿದೆ. ನಮ್ಮ ಮನೆಗಳಲ್ಲಿ ಎಷ್ಟೋ ಕೆಲಸಗಳು ಹೆಂಗಸರ ಪಾಲಿಗೆ ಬಂದಿರುವುದು ಹೀಗೆಯೇ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕಾಗಿ ಕಳೆದರೆ, ಅದರಲ್ಲಿ ತೊಡಗುವ ಪುರುಷರು ಕಳೆಯುವುದು 88 ನಿಮಿಷ. ಮಕ್ಕಳ, ಹಿರಿಯರ ಆರೈಕೆಯ ಲೆಕ್ಕ ಇದಕ್ಕೆ ಬೇರೆ. ತುಂಬಿದ ಕೊಡ ಹೊರುವುದು ಹೆರಿಗೆಯಾಗಿ ವರ್ಷ ತುಂಬದ ನಿಮ್ಮ ಬೆನ್ನಿಗಿಂತ ಯಜಮಾನರ ಬೆನ್ನಿಗೆ ಹಗುರ. ನೀರು ಬರುವ ರಾತ್ರಿಯ ಕೆಲಸ ಪೂರ್ತಿಯಾಗಿ ಅವರದ್ದಾಗಲಿ. ಆ ರಾತ್ರಿ ಮಗುವಿನ ಪಾಳಿಯನ್ನು ನೀವು ಬದಲಾಯಿಸಿಕೊಳ್ಳಿ. ರೊಟ್ಟಿಯ ವಿಷಯದಲ್ಲೂ ಒಂದು ಮಾತು: ನಿಮ್ಮ ಊರಿನಲ್ಲಿ ಖಾನಾವಳಿಗಳಿಂದಲೂ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದಲೂ ಬಿಸಿ ರೊಟ್ಟಿ, ಕಟಕ್ ರೊಟ್ಟಿ ಎರಡೂ ಸಿಗುತ್ತವೆ. ವಾರದಲ್ಲಿ ಮೂರು ದಿನ ಕಟಕ್ ರೊಟ್ಟಿ ತರಿಸಿದರೆ ಬೆಳಗಿನ ಮುಕ್ಕಾಲು ಗಂಟೆ ನಿಮ್ಮ ನಿದ್ರೆಗೆ ಸೇರುತ್ತದೆ. ಇದಕ್ಕೆ ಖರ್ಚಾಗುವ ಹಣವನ್ನು ಔಷಧಿಯ ಖರ್ಚೆಂದೇ ಭಾವಿಸಿ.

ಅತ್ತೆಯವರ ಮಾತನ್ನು ಚುಚ್ಚುಮಾತೆಂದು ತಿಳಿಯಬೇಡಿ. ಅವರು ನಾಲ್ಕು ಮಕ್ಕಳನ್ನು ಸಾಕಿದ್ದು ನಿಜ. ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು, "ಅತ್ತೆ, ಆಗ ರಾತ್ರಿ ಮಗು ಅತ್ತರೆ ಯಾರು ಎತ್ತಿಕೊಳ್ಳುತ್ತಿದ್ದರು? ಬಾಣಂತನ ಎಷ್ಟು ತಿಂಗಳು ಆಗಿತ್ತು?" ಎಂದು ಪ್ರೀತಿಯಿಂದ ಕೇಳಿ. ತವರಿನಲ್ಲಿ ತಿಂಗಳುಗಟ್ಟಲೆ ನಡೆದ ಬಾಣಂತನ, ಎಣ್ಣೆನೀರು ಹಾಕಿ ಮಲಗಿಸುತ್ತಿದ್ದ ತಾಯಿ, ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದ ನಾದಿನಿ, ನೆಗೆಣ್ಣಿಯರು, ಇವರೆಲ್ಲರೂ ಆ ನೆನಪಿನಲ್ಲಿ ಬರಬಹುದು. ಅಥವಾ ಅವರಿಗೂ ಯಾರೂ ಇಲ್ಲದೆ ಎಷ್ಟು ಕಷ್ಟವಾಗಿತ್ತೆಂಬುದು ಬರಬಹುದು. ಎರಡರಲ್ಲಿ ಯಾವುದು ಬಂದರೂ ಅವರು ನಿಮ್ಮ ಕಡೆಗೆ ತಿರುಗುವ ಸಾಧ್ಯತೆಯೇ ಹೆಚ್ಚು. ಮಗನಿಗೆ ಅವರು ಹೇಳುವ ಒಂದು ಮಾತಿನ ತೂಕ, ನೀವು ಹೇಳುವ ಹತ್ತು ಮಾತುಗಳಿಗೆ ಇರಲಿಕ್ಕಿಲ್ಲ. ಹಗಲೆಲ್ಲ ಮಗುವನ್ನು ನೋಡಿಕೊಂಡು ಅವರೂ ದಣಿದಿರುತ್ತಾರೆ, ಆದ್ದರಿಂದ ರಾತ್ರಿಯ ಭಾರವನ್ನು ಅವರ ಮೇಲೆ ಹೊರಿಸದಿರುವುದೇ ನ್ಯಾಯ.

ಕಾಲಿನ ವಿಷಯವನ್ನು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ಆದರೆ ನನ್ನ ಗಮನ ಅಲ್ಲೇ ನಿಂತಿತು. ರಾತ್ರಿ ಹೊತ್ತು ಕಾಲುಗಳಲ್ಲಿ ಹರಿದಾಡಿದಂತಾಗಿ, ಅಲ್ಲಾಡಿಸಿದರೆ ಮಾತ್ರ ಹಿತವೆನಿಸುವ ಈ ತೊಂದರೆಗೆ ದೇಹದಲ್ಲಿ ಕಬ್ಬಿಣದ ಕೊರತೆ ಬಹು ಸಾಮಾನ್ಯ ಕಾರಣ. ಗರ್ಭ, ಹೆರಿಗೆಯ ರಕ್ತಸ್ರಾವ, ಊಟದ ಅವಸರ, ಇವೆಲ್ಲ ಸೇರಿ ತಾಯಂದಿರ ಕಬ್ಬಿಣದ ದಾಸ್ತಾನು ಬರಿದಾಗಿರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಎಂದರೆ ನಿಮ್ಮ ಬಸ್ಸಿನಲ್ಲಿ ಕುಳಿತ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎನ್ನುತ್ತಾರೆ, ಆದರೆ ಅದು ಸರಿಯಿದ್ದೂ ಕಬ್ಬಿಣದ ದಾಸ್ತಾನು ಕಡಿಮೆಯಿರಬಹುದು. ಅದನ್ನು ಫೆರಿಟಿನ್ ಪರೀಕ್ಷೆ ತೋರಿಸುತ್ತದೆ. ಹೆರಿಗೆಯ ನಂತರದ ವರ್ಷದಲ್ಲಿ ಥೈರಾಯ್ಡ್ ಏರುಪೇರಾಗುವುದೂ ಉಂಟು. ಆದ್ದರಿಂದ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್‌ನ ಸ್ಥಿತಿ ತಿಳಿಸುವ ಟಿಎಸ್‌ಎಚ್, ಈ ಮೂರು ಪರೀಕ್ಷೆಗಳನ್ನು ಒಂದೇ ಸಲ ಮಾಡಿಸಿ ವೈದ್ಯರಿಗೆ ತೋರಿಸಿ. ಕಬ್ಬಿಣದ ಮಾತ್ರೆ ಬರೆದುಕೊಟ್ಟರೆ ಚಹಾ, ಹಾಲಿನ ಜೊತೆ ನುಂಗಬೇಡಿ. ನಿಂಬೆ ನೀರಿನೊಂದಿಗೆ ತೆಗೆದುಕೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯಿದ್ದರೆ ಅದನ್ನು ಒಂದು ಗಂಟೆ ಮುಂದೂಡಿ. ಚಹಾದಲ್ಲಿರುವ ಕೆಫೀನಿನ ಅರ್ಧದಷ್ಟು ಭಾಗ ಸುಮಾರು ಐದು ಗಂಟೆಗಳ ನಂತರವೂ ರಕ್ತದಲ್ಲಿ ಇರುತ್ತದೆಯಾದ್ದರಿಂದ, ಶಾಲೆಯ ಮಧ್ಯಾಹ್ನದ ಚಹಾವೇ ದಿನದ ಕೊನೆಯ ಚಹಾ ಆಗಲಿ.

ಮಗು ಮಲಗಿದ ಮೇಲೂ ಫೋನ್ ಹಿಡಿದು ಎಚ್ಚರವಿರುವುದಕ್ಕೆ ನಾನು ನಿಮ್ಮನ್ನು ಬೈಯಲಾರೆ. ಇಡೀ ದಿನದಲ್ಲಿ ಯಾರೂ ನಿಮ್ಮನ್ನು ಏನನ್ನೂ ಕೇಳದ ಹೊತ್ತು ಅದೊಂದೇ ಎಂದು ತೋರುತ್ತದೆ, ಅದನ್ನು ನಿದ್ರೆಗೆ ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ. ಆ ಹೊತ್ತನ್ನು ಕಸಿದುಕೊಳ್ಳುವ ಬದಲು ಸಂಜೆಗೆ ಸರಿಸಿ. ಶಾಲೆಯಿಂದ ಬಂದ ಮೇಲೆ ಅರ್ಧ ಗಂಟೆ ಮಹಡಿಯ ಮೇಲೋ, ಕಟ್ಟೆಯ ಮೇಲೋ ಒಬ್ಬರೇ ಕುಳಿತುಕೊಳ್ಳಿ. ಫೋನ್ ನೋಡಬೇಕೆನಿಸಿದರೆ ಆಗ ನೋಡಿ. ರಾತ್ರಿ ಮಲಗುವ ಕೋಣೆಗೆ ಫೋನ್ ತರಬೇಡಿ. ಮಲಗಿ ಇಪ್ಪತ್ತು ನಿಮಿಷವಾದರೂ ನಿದ್ರೆ ಹತ್ತದಿದ್ದರೆ ಗಡಿಯಾರ ನೋಡುತ್ತಾ ಹೊರಳಾಡದೆ ಎದ್ದು ಬಂದು, ಮಂದ ಬೆಳಕಿನಲ್ಲಿ ಬಟ್ಟೆ ಮಡಚುವಂತಹ ಸಣ್ಣ ಕೆಲಸ ಮಾಡಿ, ಕಣ್ಣು ಭಾರವಾದಾಗ ಮತ್ತೆ ಮಲಗಿ.

ಮಗಳ ಬಗ್ಗೆ ಬರೆಯುವಾಗ ನಿಮ್ಮ ಕೈ ನಡುಗಿರಬೇಕು. ಐದು ವರ್ಷದ ಮಗುವಿಗೆ ಅಮ್ಮನಿಗೆ ನಿದ್ರೆಯಿಲ್ಲ ಎಂಬುದು ತಿಳಿಯುವುದಿಲ್ಲ. ತಮ್ಮ ಬಂದ ಮೇಲೆ ಅಮ್ಮನಿಗೆ ತಾನು ಬೇಡವಾದೆ ಎಂದು ಅದು ತಿಳಿಯುತ್ತದೆ. ಆದ್ದರಿಂದ ಆ ದಿನದ ಮಾತನ್ನು ನೀವೇ ತೆಗೆಯಿರಿ. "ಅವತ್ತು ಅಮ್ಮ ಹೊಡೆದದ್ದು ತಪ್ಪು. ನೀನು ಕೆಟ್ಟ ಹುಡುಗಿ ಅಲ್ಲ. ಅಮ್ಮನಿಗೆ ನಿದ್ರೆ ಇರಲಿಲ್ಲ, ಅದಕ್ಕೆ ಸಿಟ್ಟು ಬಂತು" ಎಂದು ಅವಳ ಮಟ್ಟಕ್ಕೆ ಕುಳಿತು ಹೇಳಿ. ರಾತ್ರಿ ನಿಮ್ಮ ಕೋಣೆಯಲ್ಲಿ ಅವಳೂ ಮಲಗಲಿ. ಒಂಬತ್ತಕ್ಕೆ ತಾಯಿ ಮಗಳು ಒಟ್ಟಿಗೆ ದೀಪ ಆರಿಸಿದರೆ ಅವಳು ಬೆಳಿಗ್ಗೆ ಬೇಗ ಏಳುತ್ತಾಳೆ. ಸಾಕ್ಸ್, ಬೂಟು, ಚೀಲಗಳನ್ನು ಹಿಂದಿನ ಸಂಜೆಯೇ ಅವಳಿಂದ ಜೋಡಿಸಿಡಿಸಿ.

ಇಷ್ಟೆಲ್ಲ ಮಾಡಿದ ಮೇಲೂ, ಮಗುವನ್ನು ಬೇರೆಯವರು ನೋಡಿಕೊಂಡು ನಿಮಗೆ ಮಲಗಲು ಅವಕಾಶವಿದ್ದಾಗಲೂ ನಿದ್ರೆ ಬಾರದಿದ್ದರೆ, ಎರಡು ವಾರಗಳಿಗಿಂತ ಹೆಚ್ಚು ಕಾಲ ಮನಸ್ಸು ಕುಗ್ಗಿದ್ದರೆ, ಕಾರಣವಿಲ್ಲದೆ ಅಳು ಬರುತ್ತಿದ್ದರೆ, ಯಾವುದರಲ್ಲೂ ಸಂತೋಷ ಸಿಗದಿದ್ದರೆ, ಅದನ್ನು ಬರೀ ದಣಿವೆಂದು ತಳ್ಳಿಹಾಕಬೇಡಿ. ಹೆರಿಗೆಯ ನಂತರದ ಖಿನ್ನತೆ ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ತಲೆದೋರಬಹುದು, ಚಿಕಿತ್ಸೆಯಿಂದ ಚೆನ್ನಾಗಿ ಗುಣವಾಗುತ್ತದೆ, ಎದೆಹಾಲು ಕುಡಿಸುವವರಿಗೆ ಹೊಂದುವ ಔಷಧಿಗಳೂ ಇವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ಪ್ರತ್ಯೇಕ ವಿಭಾಗವೇ ಇದೆ. ನಿಮಗೇ ಏನಾದರೂ ಮಾಡಿಕೊಳ್ಳಬೇಕು, ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಎಂಬ ಯೋಚನೆ ಒಂದು ಕ್ಷಣ ಬಂದು ಹೋದರೂ ಅದೇ ದಿನ ಮನೆಯವರಿಗೆ ತಿಳಿಸಿ, ಆಸ್ಪತ್ರೆಗೆ ಹೋಗಿ. ಅದನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಪ್ರಶ್ನೆ: ನಾನು ಏಳು ತಿಂಗಳ ಹೆಣ್ಣುಮಗುವಿನ ತಂದೆ. ಹೆಂಡತಿಯ ನಿದ್ರೆ ಪೂರ್ತಿ ಕೆಟ್ಟಿರುವುದನ್ನು ನೋಡಲಾಗದೆ ಮಗುವನ್ನು ನಾನು ಮಲಗಿಸುತ್ತೇನೆ ಎಂದರೆ, ಅವಳು ಮಲಗದೆ ಬಾಗಿಲ ಬಳಿ ಬಂದು ನಿಲ್ಲುತ್ತಾಳೆ. ಮಗು ಒಂದು ಸಲ ಅತ್ತ ಕೂಡಲೇ ನನ್ನ ಕೈಯಿಂದ ಎತ್ತಿಕೊಂಡುಬಿಡುತ್ತಾಳೆ. ನಾನು ಮಾಡುವುದು ಅವಳಿಗೆ ಸರಿ ಕಾಣುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ತಿಂಗಳುಗಟ್ಟಲೆ ಮಗುವಿನ ಪ್ರತಿ ಸದ್ದಿಗೂ ಎದ್ದ ತಾಯಿಯ ಕಿವಿ, ಬೇರೆಯವರು ಇದ್ದಾರೆಂದು ತಿಳಿದರೂ ಸುಮ್ಮನಿರುವುದಿಲ್ಲ. ಆದ್ದರಿಂದ ರಾತ್ರಿಯಿಂದ ಶುರು ಮಾಡಬೇಡಿ. ಮೊದಲು ಸಂಜೆಯ ಸ್ನಾನ, ಸರಿ ತಿನ್ನಿಸುವುದು, ಲಂಗೋಟಿ ಬದಲಾಯಿಸುವುದನ್ನು ಎರಡು ವಾರ ಪ್ರತಿದಿನ ನೀವೇ ಮಾಡಿ. "ಸರಿ ಎಷ್ಟು ಗಟ್ಟಿ ಇರಬೇಕು, ಟವೆಲ್ ಎಲ್ಲಿದೆ" ಎಂದು ಪ್ರತಿಯೊಂದಕ್ಕೂ ಹೆಂಡತಿಯನ್ನು ಕೇಳದೆ ನಿಮ್ಮದೇ ಕ್ರಮವನ್ನು ಕಂಡುಕೊಳ್ಳಿ. ಮಗು ನಿಮ್ಮ ಕೈಯಲ್ಲಿ ಸಮಾಧಾನವಾಗುವುದನ್ನು ಅವರು ಹಗಲಿನಲ್ಲಿ ಕಣ್ಣಾರೆ ನೋಡಿದರೆ ರಾತ್ರಿ ನಂಬುವುದು ಸುಲಭ. ಆಮೇಲೆ ಎರಡು ಕೋಣೆಗಳ ಬಾಗಿಲು ಮುಚ್ಚಿ, ಎಷ್ಟು ಹೊತ್ತು ಸಮಾಧಾನವಾಗದಿದ್ದರೆ ನೀವೇ ಅವರನ್ನು ಕರೆಯುತ್ತೀರಿ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ಮಗುವನ್ನು ಗಟ್ಟಿಯಾದ ಹಾಸಿಗೆಯ ಮೇಲೆ, ಬೆನ್ನ ಮೇಲೆ, ದಿಂಬು ಕೌದಿಗಳಿಲ್ಲದೆ ಮಲಗಿಸಿ. ನಿಮಗೇ ನಿದ್ರೆ ತೂಗುತ್ತಿರುವಾಗ ಸೋಫಾದ ಮೇಲೆ ಮಗುವನ್ನು ಎದೆಗಪ್ಪಿಕೊಂಡು ಕೂರಬೇಡಿ. ಇಷ್ಟಾದರೂ ಅವರ ಆತಂಕ ಇಳಿಯದೆ, ಮಗು ಗಾಢವಾಗಿ ಮಲಗಿರುವಾಗಲೂ ಪದೇ ಪದೇ ಉಸಿರು ನೋಡುತ್ತಾ ಕೂರುತ್ತಿದ್ದರೆ ಮೇಲೆ ಹೇಳಿದ ಸಹಾಯವಾಣಿಗೆ ಇಬ್ಬರೂ ಸೇರಿ ಕರೆ ಮಾಡಿ. ಹೆರಿಗೆಯ ನಂತರ ಖಿನ್ನತೆಯಂತೆಯೇ ಅತಿ ಆತಂಕವೂ ಬರುತ್ತದೆ.

ಪ್ರಶ್ನೆ: ನನಗೆ 47 ವರ್ಷ. ಮಕ್ಕಳು ದೊಡ್ಡವರು. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ. ಬೆಳಗಿನ ಜಾವ ಮೂರಕ್ಕೆ ಮೈಯೆಲ್ಲ ಬೆವರಿ ಎಚ್ಚರವಾದರೆ ಮತ್ತೆ ನಿದ್ರೆ ಬರುವುದಿಲ್ಲ. ಮಗ ದ್ವಿತೀಯ ಪಿಯುಸಿ; ನಾಲ್ಕೂವರೆಗೆ ಅವನನ್ನು ಎಬ್ಬಿಸಿ ಕಾಫಿ ಮಾಡಿಕೊಡುತ್ತೇನೆ, ನಾನೂ ಅವನ ಜೊತೆ ಕುಡಿಯುತ್ತೇನೆ. ಇತ್ತೀಚೆಗೆ ಗೊರಕೆ ಹೊಡೆಯುತ್ತೇನೆಂದು ಮಗಳು ಹೇಳುತ್ತಾಳೆ. ವಯಸ್ಸಿನ ಸಹಜ ಎಂದು ಬಿಟ್ಟುಬಿಡಲೇ?
– ಓದುಗರೊಬ್ಬರು, ಪುತ್ತೂರು

ಉತ್ತರ: ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನ್ ಇಳಿಯುವುದರಿಂದ ದೇಹದ ಉಷ್ಣತೆಯ ಹತೋಟಿ ಏರುಪೇರಾಗಿ, ರಾತ್ರಿ ಹೀಗೆ ಬೆವರುವುದು ಸಹಜ. ಸಹಜವೆಂದ ಮಾತ್ರಕ್ಕೆ ಸಹಿಸಿಕೊಳ್ಳಲೇಬೇಕೆಂದಿಲ್ಲ. ಇದಕ್ಕೆ ಹಾರ್ಮೋನ್ ಚಿಕಿತ್ಸೆಯೂ ಇದೆ, ಅದು ಹೊಂದದವರಿಗೆ ಬೇರೆ ಔಷಧಿಗಳೂ ಇವೆ. ನಿಮ್ಮ ರಕ್ತದೊತ್ತಡ, ಕುಟುಂಬದಲ್ಲಿ ಸ್ತನ ಕ್ಯಾನ್ಸರ್ ಇದ್ದರೆ ಆ ವಿವರ, ಹಿಂದಿನ ಕಾಯಿಲೆಗಳನ್ನು ನೋಡಿ ಸ್ತ್ರೀರೋಗ ತಜ್ಞರು ನಿರ್ಧರಿಸುತ್ತಾರೆ. ಅಲ್ಲಿಯವರೆಗೆ ಹತ್ತಿಯ ತೆಳು ಬಟ್ಟೆ ಧರಿಸಿ, ಕಿಟಕಿ ತೆರೆದಿಡಿ, ಸಂಜೆಯ ನಂತರ ಖಾರದ ತಿನಿಸು ಕಡಿಮೆ ಮಾಡಿ.

ಗೊರಕೆಯ ವಿಷಯವನ್ನು ಹಗುರವಾಗಿ ನೋಡಬೇಡಿ. ಮುಟ್ಟು ನಿಲ್ಲುವ ಕಾಲದಿಂದ ಹೆಂಗಸರಲ್ಲೂ ನಿದ್ರೆಯ ನಡುವೆ ಉಸಿರು ಕಟ್ಟುವ ತೊಂದರೆ ಹೆಚ್ಚುತ್ತದೆ. ಗೊರಕೆಯ ನಡುವೆ ಉಸಿರು ನಿಂತಂತಾಗಿ ಮತ್ತೆ ಜೋರಾಗಿ ಎಳೆದುಕೊಳ್ಳುತ್ತೀರಾ ಎಂದು ಮಗಳು ಒಂದೆರಡು ರಾತ್ರಿ ಗಮನಿಸಲಿ; ಬೆಳಿಗ್ಗೆ ತಲೆನೋವು, ಹಗಲು ಕುಳಿತಲ್ಲೇ ತೂಕಡಿಕೆ ಇದೆಯೇ ಎಂಬುದನ್ನು ನೀವು ಬರೆದಿಡಿ. ಇದ್ದರೆ ನಿದ್ರೆಯ ಪರೀಕ್ಷೆ ಮಾಡಿಸಬೇಕಾಗುತ್ತದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಆ ಸೌಲಭ್ಯವಿದೆ.

ಇನ್ನು ನಾಲ್ಕೂವರೆಯ ಕಾಫಿ. ಪರೀಕ್ಷೆ ಬರೆಯುವವನು ನಿಮ್ಮ ಮಗ. ಗಡಿಯಾರದ ಅಲಾರಾಂ ಇಟ್ಟು ಏಳುವುದಕ್ಕೂ ಫಿಲ್ಟರಿನ ಡಿಕಾಕ್ಷನ್‌ಗೆ ಬಿಸಿ ಹಾಲು ಬೆರೆಸಿಕೊಳ್ಳುವುದಕ್ಕೂ ಹದಿನೇಳು ವರ್ಷದ ಹುಡುಗನಿಗೆ ಬರಬೇಕು, ಬಾರದಿದ್ದರೆ ಈ ಭಾನುವಾರ ಕಲಿಸಿ. ಡಿಕಾಕ್ಷನ್ ರಾತ್ರಿಯೇ ಇಳಿಸಿಟ್ಟು, ಹಾಲಿನ ಪಾತ್ರೆ ಎಲ್ಲಿದೆಯೆಂದು ತೋರಿಸಿ, ನೀವು ಆರರವರೆಗೆ ಹಾಸಿಗೆಯಲ್ಲೇ ಇರಿ. ನಿದ್ರೆ ಬಾರದಿದ್ದರೂ ಅಡುಗೆಮನೆಯ ದೀಪ ಹಾಕಬೇಡಿ. ಸ್ತ್ರೀರೋಗ ತಜ್ಞರ ಬಳಿಗೆ ಹೋಗುವಾಗ ಕಳೆದ ಆರು ತಿಂಗಳ ಮುಟ್ಟಿನ ದಿನಾಂಕಗಳು, ಬೆವರಿ ಎಚ್ಚರವಾದ ರಾತ್ರಿಗಳ ಲೆಕ್ಕ, ಮಗಳು ಗಮನಿಸಿದ ಗೊರಕೆಯ ವಿವರ, ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.